ದಿಡ್ಡಿ ಬಾಗಿಲು ಮೊದಲೇ ಹಾಕಿ: ಯುದ್ಧ ಬಂದಾಗ ಸ್ಮಾರಕ, ಮ್ಯೂಸಿಯಂ, ಹಸ್ತಪ್ರತಿ ಉಳಿಸಿಕೊಳ್ಳುವುದು ಹೇಗೆ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಯುದ್ಧದ ಹೊತ್ತಿನಲ್ಲಿ ಹಳೇ ಕಟ್ಟಡ, ಮ್ಯೂಸಿಯಂ, ಗ್ರಂಥಾಲಯ ಉಳಿಸೋ ವಿಷಯಕ್ಕೆ ಈ ಗಾದೆ ಹೇಳಿ ಮಾಡಿಸಿದ ಹಾಗಿದೆ. ಶೆಲ್ ಬೀಳೋಕೆ ಶುರುವಾದ ಮೇಲೆ ಮಾಡಬಹುದಾದ ಕೆಲಸ ತುಂಬಾ ಕಮ್ಮಿ. ಇವತ್ತಿನವರೆಗೆ ಉಳಿದುಕೊಂಡಿರುವ ವಸ್ತುಗಳ ಕಥೆ ಕೇಳಿದರೆ ಬಹುಪಾಲು ಒಂದೇ ಥರ ಇರುತ್ತದೆ. ಅಲ್ಲಿನ ನಾಲ್ಕೈದು ನೌಕರರು ಮೊದಲೇ ಕೂತು ಪಟ್ಟಿ ಮಾಡಿದ್ದರು, ಪೆಟ್ಟಿಗೆ ತಂದಿಟ್ಟಿದ್ದರು, ಬಾಯಿ ಮುಚ್ಚಿಕೊಂಡಿದ್ದರು.

ಈ ಬರಹ ಅಂಥವರಿಗಾಗಿ. ಸಣ್ಣ ಮ್ಯೂಸಿಯಂ ನೋಡಿಕೊಳ್ಳುವವರು, ಹಳೇ ಪ್ರಾರ್ಥನಾ ಮಂದಿರದ ಉಸ್ತುವಾರಿ ಇರುವವರು, ಮನೆಯಲ್ಲಿ ತಲೆಮಾರುಗಳ ಕಾಗದಪತ್ರ ಇಟ್ಟುಕೊಂಡವರು, ಇಲ್ಲವೇ ಸುಮ್ನೆ ಕೈಜೋಡಿಸಬೇಕು ಅನ್ನೋ ಆಸೆ ಇರುವವರು. ರಾಜಕೀಯದ ಮಾತು ಮಧ್ಯೆ ಮಧ್ಯೆ ಬರುತ್ತದೆ. ಅದನ್ನು ಬಿಟ್ಟು ಈ ಕೆಲಸ ಮಾಡೋಕೆ ಆಗಲ್ಲ.

ಶುರು ಮಾಡೋ ಮುಂಚೆ ಒಂದು ಮಾತು. ಯಾವ ಮೂರ್ತಿಯೂ ಒಂದು ಜೀವಕ್ಕೆ ಸಮ ಅಲ್ಲ. ಸಿರಿಯಾದ ಪಲ್ಮೈರಾದಲ್ಲಿ ದಶಕಗಳ ಕಾಲ ಪ್ರಾಚ್ಯವಸ್ತುಗಳ ಹೊಣೆ ಹೊತ್ತಿದ್ದ ಖಾಲಿದ್ ಅಲ್-ಅಸದ್ ಅವರನ್ನು 2015ರ ಆಗಸ್ಟ್‌ನಲ್ಲಿ ಐಸಿಸ್ ಕೊಂದಿತು. ಅವರಿಗೆ ಆಗ ಎಂಬತ್ತು ದಾಟಿತ್ತು. ನಿಮ್ಮ ಯೋಜನೆಯ ಮೊದಲ ಪುಟದಲ್ಲೇ ಬರೆದಿಡಿ: ಯಾವ ಹಂತ ಬಂದರೆ ಎಲ್ಲರೂ ಎಲ್ಲವನ್ನೂ ಬಿಟ್ಟು ಹೊರಡಬೇಕು, ಆ ಮಾತು ಹೇಳುವವರು ಯಾರು.

ಹೆಜ್ಜೆ 1: ಪಟ್ಟಿ ಮಾಡಿ, ಅದೂ ಚಿಕ್ಕದಾಗಿ

ಎಲ್ಲವನ್ನೂ ಉಳಿಸೋಕೆ ಆಗಲ್ಲ. ಇದನ್ನು ಒಪ್ಪಿಕೊಳ್ಳೋದೇ ಕಷ್ಟ, ಯಾಕೆಂದರೆ ಪ್ರತಿ ವಸ್ತುವಿನ ಹಿಂದೆಯೂ ಅದನ್ನು ಇಪ್ಪತ್ತು ವರ್ಷ ಧೂಳು ಹೊಡೆದು ನೋಡಿಕೊಂಡ ಒಬ್ಬರು ಇರುತ್ತಾರೆ. ಆದರೂ ಕೂತು ತೀರ್ಮಾನ ಮಾಡಿ. ಎರಡು ಗಂಟೆ ಸಿಕ್ಕರೆ ಏನು ಒಯ್ಯುತ್ತೀರಿ? ಎರಡು ದಿನ ಸಿಕ್ಕರೆ? ಎರಡು ವಾರ ಸಿಕ್ಕರೆ?

1939ರಲ್ಲಿ ಪ್ಯಾರಿಸ್‌ನ ಲೂವ್ರ್ ಖಾಲಿ ಮಾಡುವಾಗ ಪೆಟ್ಟಿಗೆಗಳ ಮೇಲೆ ಬಣ್ಣದ ಚುಕ್ಕೆ ಹಾಕಿದ್ದರು. ಹಳದಿ, ಹಸಿರು, ಕೆಂಪು. ಕೆಂಪು ಅಂದರೆ ಎಲ್ಲಕ್ಕಿಂತ ಅಮೂಲ್ಯ. ಮೋನಾಲಿಸಾ ಪೆಟ್ಟಿಗೆಗೆ ಮೂರು ಕೆಂಪು ಚುಕ್ಕೆ. ನೀವೂ ಹೀಗೇ ಮಾಡಿ. ಒಳಗೆ ಏನಿದೆ ಅಂತ ಪೆಟ್ಟಿಗೆ ಮೇಲೆ ಬರೆಯಬೇಡಿ, ಗುರುತು ಮಾತ್ರ ಹಾಕಿ. ಯಾವ ಗುರುತಿಗೆ ಯಾವ ವಸ್ತು ಅನ್ನೋ ಕಾಗದ ಬೇರೆ ಕಡೆ, ಬೇರೆಯವರ ಹತ್ತಿರ ಇರಲಿ.

ರಾಜಕೀಯ ಶುರುವಾಗೋದು ಇಲ್ಲೇ. ಪಟ್ಟಿ ಮಾಡುವವರು ಸಾಮಾನ್ಯವಾಗಿ ಬಹುಸಂಖ್ಯಾತರ ಕಡೆಯವರು, ರಾಜಧಾನಿಯವರು, ಓದಿಕೊಂಡವರು. ಹಾಗಾಗಿ ದೊಡ್ಡ ಅರಮನೆ, ದೊಡ್ಡ ಚರ್ಚು, ದೊಡ್ಡ ಮಸೀದಿ ಪಟ್ಟಿಗೆ ಸೇರುತ್ತವೆ. ಸಣ್ಣ ಸಮುದಾಯದ ಸ್ಮಶಾನ, ಅವರ ಹಾಡಿನ ಕ್ಯಾಸೆಟ್, ಅವರ ಭಾಷೆಯ ಪತ್ರಿಕೆಯ ಹಳೇ ಸಂಚಿಕೆಗಳು ಸೇರಲ್ಲ. ಆದರೆ ಶತ್ರು ಮೊದಲು ಕೈ ಹಾಕೋದು ಎಷ್ಟೋ ಸಲ ಇವುಗಳಿಗೇ. ಜನರನ್ನು ಓಡಿಸಿದ ಮೇಲೆ ಅವರು ಇಲ್ಲಿ ಇದ್ದರು ಅನ್ನೋ ಗುರುತನ್ನೂ ಅಳಿಸಬೇಕಲ್ವಾ? ಅದಕ್ಕೇ ಪಟ್ಟಿ ಮಾಡೋ ಮೇಜಿನ ಸುತ್ತ ಯಾರು ಕೂತಿದ್ದಾರೆ ಅಂತ ಒಮ್ಮೆ ತಲೆ ಎಣಿಸಿ.

ಹೆಜ್ಜೆ 2: ಫೋಟೋ, ಅಳತೆ, ಪ್ರತಿ

ಕದ್ದ ವಸ್ತು ವಾಪಸ್ ಬರಬೇಕಾದರೆ ಅದು ನಿಮ್ಮದು ಅಂತ ತೋರಿಸಬೇಕು. ಅದಕ್ಕೆ ದುಬಾರಿ ಕ್ಯಾಮೆರಾ ಬೇಡ, ಫೋನ್ ಸಾಕು. ಮುಂದೆ, ಹಿಂದೆ, ಪಕ್ಕ, ಕೆಳಗೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಆಮೇಲೆ ಮುಖ್ಯವಾದ ಕೆಲಸ: ಬಿರುಕು, ಚಕ್ಕೆ ಎದ್ದ ಜಾಗ, ಹಳೇ ರಿಪೇರಿ, ಗೀಚಿದ ಗುರುತು, ಇವನ್ನೆಲ್ಲ ಹತ್ತಿರದಿಂದ ತೆಗೆಯಿರಿ. ಒಂದೇ ಥರದ ನೂರು ಮಡಕೆ ಜಗತ್ತಿನಲ್ಲಿ ಇರಬಹುದು, ಆದರೆ ಬಾಯಿಯ ಎಡಕ್ಕೆ ಅರ್ಧಚಂದ್ರದ ಹಾಗೆ ಚಕ್ಕೆ ಎದ್ದಿರುವ ಮಡಕೆ ನಿಮ್ಮದೊಂದೇ. ಜೊತೆಗೆ ಏನು ವಸ್ತು, ಯಾವುದರಿಂದ ಮಾಡಿದ್ದು, ಎಷ್ಟು ಉದ್ದ ಅಗಲ, ಏನು ಬರೆದಿದೆ, ಅಂದಾಜು ಕಾಲ. ಇಷ್ಟು ಇದ್ದರೆ ಇಂಟರ್‌ಪೋಲ್‌ನ ಕಳವು ಕಲಾಕೃತಿಗಳ ಪಟ್ಟಿಗೆ ಪೊಲೀಸರ ಮೂಲಕ ಸೇರಿಸೋಕೆ ಆಗುತ್ತದೆ.

ಕಟ್ಟಡಕ್ಕೂ ಇದೇ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ವಾರ್ಸಾ ನಗರದ ಹಳೇ ಪೇಟೆಯನ್ನು ನೆಲಸಮ ಮಾಡಿದರು. ಆಮೇಲೆ ಅದನ್ನು ಮತ್ತೆ ಕಟ್ಟಿದ್ದು ಹೇಗೆ? ಯುದ್ಧಕ್ಕೆ ಮೊದಲು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಪಾಠದ ಭಾಗವಾಗಿ ಅಳತೆ ಹಾಕಿ ಬರೆದಿದ್ದ ನಕ್ಷೆಗಳು ಉಳಿದಿದ್ದವು. ಜೊತೆಗೆ 18ನೇ ಶತಮಾನದಲ್ಲಿ ಬೆಲ್ಲೊಟ್ಟೊ ಬಿಡಿಸಿದ್ದ ಬೀದಿಗಳ ಚಿತ್ರಗಳಿದ್ದವು. ಹಾಗೆ ಕಟ್ಟಿದ ಪೇಟೆ 1980ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಮಾರ್ಕ್ಸ್‌ಗೋಸ್ಕರ ಬರೆದ ನಕ್ಷೆ ಒಂದು ಊರನ್ನೇ ವಾಪಸ್ ತಂದಿತು ನೋಡಿ.

ಪ್ರತಿ ಕನಿಷ್ಠ ಮೂರು ಕಡೆ ಇರಲಿ. ಒಂದು ನಿಮ್ಮ ಹತ್ತಿರ, ಒಂದು ಬೇರೆ ಊರಲ್ಲಿ, ಒಂದು ಬೇರೆ ದೇಶದ ಸರ್ವರ್‌ನಲ್ಲಿ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಕೆಲವೇ ದಿನಗಳಲ್ಲಿ ನಾನಾ ದೇಶಗಳ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಅಲ್ಲಿನ ಮ್ಯೂಸಿಯಂ, ಗ್ರಂಥಾಲಯಗಳ ವೆಬ್‌ಸೈಟ್‌ಗಳನ್ನು ಇಳಿಸಿಕೊಂಡು ಜೋಪಾನ ಮಾಡಿದರು. ಸರ್ವರ್ ಇರುವ ಕಟ್ಟಡಕ್ಕೇ ಕ್ಷಿಪಣಿ ಬಿದ್ದರೆ ಸ್ಕ್ಯಾನ್ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹೆಜ್ಜೆ 3: ಕಾನೂನು ಏನು ಕೊಡುತ್ತದೆ, ಏನು ಕೊಡಲ್ಲ

ಮುಖ್ಯವಾದದ್ದು 1954ರ ಹೇಗ್ ಒಪ್ಪಂದ. ಯುದ್ಧ ಮಾಡುವವರು ಸಾಂಸ್ಕೃತಿಕ ಸ್ವತ್ತಿನ ಮೇಲೆ ದಾಳಿ ಮಾಡಬಾರದು, ಅದನ್ನು ಸೈನ್ಯದ ಕೆಲಸಕ್ಕೆ ಬಳಸಲೂಬಾರದು ಅನ್ನುತ್ತದೆ ಅದು. ಎರಡನೇ ಭಾಗವನ್ನು ಜನ ಮರೆತುಬಿಡುತ್ತಾರೆ. ಗುರುತಿಗೆ ನೀಲಿ ಬಿಳಿ ಗುರಾಣಿಯ ಚಿಹ್ನೆ. ಇದಕ್ಕೆ ಒಂದು ಕಿಂಡಿಯೂ ಇದೆ: ಅನಿವಾರ್ಯ ಸೇನಾ ಅಗತ್ಯ ಬಿದ್ದರೆ ರಕ್ಷಣೆ ಬದಿಗಿಡಬಹುದು. ಅನಿವಾರ್ಯ ಅಂತ ಯಾರು ತೀರ್ಮಾನ ಮಾಡೋದು? ಬಂದೂಕು ಹಿಡಿದವನೇ. 1999ರ ಎರಡನೇ ಪ್ರೋಟೋಕಾಲ್, ಅಂದರೆ ಆ ಒಪ್ಪಂದಕ್ಕೆ ಆಮೇಲೆ ಸೇರಿಸಿದ ಪೂರಕ ಒಪ್ಪಂದ, ಈ ಕಿಂಡಿಯನ್ನು ಸಾಕಷ್ಟು ಕಿರಿದು ಮಾಡಿತು. ಆ ಜಾಗ ಅದರ ಬಳಕೆಯಿಂದಲೇ ಸೇನಾ ಗುರಿಯಾಗಿರಬೇಕು, ಬೇರೆ ದಾರಿಯೂ ಇರಬಾರದು. ಆದರೆ ಅದಕ್ಕೆ ಸಹಿ ಹಾಕದ ದೇಶಗಳು ಬೇಕಾದಷ್ಟಿವೆ. ಅಮೆರಿಕ 1954ರ ಒಪ್ಪಂದವನ್ನು ಪೂರ್ತಿ ಒಪ್ಪಿಕೊಂಡಿದ್ದೇ 2009ರಲ್ಲಿ, ಬ್ರಿಟನ್ 2017ರಲ್ಲಿ.

ನಿಮ್ಮ ದೇಶ ಎರಡನೇ ಪ್ರೋಟೋಕಾಲ್ ಸೇರಿದ್ದರೆ 'ವರ್ಧಿತ ರಕ್ಷಣೆ'ಗೆ, ಅಂದರೆ ಸಾಮಾನ್ಯಕ್ಕಿಂತ ಗಟ್ಟಿಯಾದ ರಕ್ಷಣೆಗೆ, ಅರ್ಜಿ ಹಾಕಿಸಿ. ಅರ್ಜಿ ಹಾಕಬೇಕಾದ್ದು ಸರ್ಕಾರ, ನೀವಲ್ಲ. ನೀವು ಮಾಡಬೇಕಾದ್ದು ದಾಖಲೆ ರೆಡಿ ಮಾಡಿ ಇಲಾಖೆಯವರ ಬೆನ್ನು ಬೀಳೋದು. ಆ ಜಾಗವನ್ನು ಸೈನ್ಯಕ್ಕೆ ಬಳಸಲ್ಲ ಅಂತ ಸರ್ಕಾರ ಬರೆದುಕೊಡಬೇಕು. ತುರ್ತು ಇದ್ದರೆ ತಾತ್ಕಾಲಿಕವಾಗಿ ಬೇಗ ಸಿಗುತ್ತದೆ. 2023ರಲ್ಲಿ ಉಕ್ರೇನ್‌ನ 20 ಜಾಗಗಳಿಗೆ, 2024ರ ನವೆಂಬರ್‌ನಲ್ಲಿ ಲೆಬನಾನ್‌ನ 34 ಜಾಗಗಳಿಗೆ ಹೀಗೆ ಸಿಕ್ಕಿತು.

ಚಿಹ್ನೆ ಹಾಕಿದ ಮಾತ್ರಕ್ಕೆ ಬಾಂಬು ತಿರುಗಿ ಹೋಗುತ್ತದಾ? ಇಲ್ಲ. 1991ರ ಡಿಸೆಂಬರ್ 6ರಂದು ಕ್ರೊವೇಷಿಯಾದ ಡುಬ್ರೊವ್ನಿಕ್‌ನ ಹಳೇ ಪೇಟೆಯ ಮೇಲೆ ಯುನೆಸ್ಕೋ ಬಾವುಟಗಳು ಹಾರುತ್ತಿದ್ದವು. ಆದರೂ ಯುಗೊಸ್ಲಾವ್ ಸೈನ್ಯ ಶೆಲ್ ಹಾಕಿತು. ಹಾಗಾದರೆ ಬಾವುಟ ದಂಡವಾ? ಅದೂ ಅಲ್ಲ. ಗೊತ್ತಿರಲಿಲ್ಲ ಅಂತ ಹೇಳೋಕೆ ಅವರಿಗೆ ಜಾಗ ಉಳಿಯಲಿಲ್ಲ. ನೌಕಾಧಿಕಾರಿ ಮಿಯೊದ್ರಾಗ್ ಯೋಕಿಚ್ ತಪ್ಪೊಪ್ಪಿಕೊಂಡರು, 2004ರಲ್ಲಿ 7 ವರ್ಷ ಶಿಕ್ಷೆಯಾಯಿತು. ಎದುರಾಳಿಗೆ ಕೋರ್ಟಿನ ಭಯ, ಹೆಸರು ಕೆಡುವ ಭಯ ಸ್ವಲ್ಪವಾದರೂ ಇದ್ದರೆ ಚಿಹ್ನೆ ಹಾಕಿ. ಒಡೆಯೋದೇ ಅವನ ಉದ್ದೇಶವಾದರೆ ಚಿಹ್ನೆ ದಾರಿ ತೋರಿಸಿದ ಹಾಗಾಗುತ್ತದೆ, ಹಾಕಬೇಡಿ. ಈ ತೀರ್ಮಾನವನ್ನು ದೂರದ ಕಚೇರಿಯಲ್ಲಿ ಕೂತವರಿಗಿಂತ ಸ್ಥಳದಲ್ಲಿರುವವರು ಚೆನ್ನಾಗಿ ಮಾಡುತ್ತಾರೆ ಅಂತ ನನ್ನ ಅಭಿಪ್ರಾಯ.

ಹೆಜ್ಜೆ 4: ನಿಮ್ಮದೇ ಸೈನ್ಯವನ್ನು ಹೊರಗಿಡಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಹಳೇ ಕೋಟೆ, ಗೋಪುರ, ಗುಡ್ಡದ ಮೇಲಿನ ಮಠ, ಇವೆಲ್ಲ ಸೈನಿಕರಿಗೂ ಇಷ್ಟವಾಗುವ ಜಾಗಗಳೇ. ಎತ್ತರ ಇದೆ, ದಪ್ಪ ಗೋಡೆ ಇದೆ. ಒಬ್ಬ ಸೈನಿಕ ಗೋಪುರ ಹತ್ತಿ ದುರ್ಬೀನು ಹಿಡಿದರೆ ಸಾಕು, ಕಾನೂನಿನ ರಕ್ಷಣೆ ಅಲುಗಾಡೋಕೆ ಶುರು.

ಮೋಸ್ತಾರ್ ಸೇತುವೆಯ ಕಥೆ ನೋಡಿ. 16ನೇ ಶತಮಾನದ ಆ ಕಲ್ಲಿನ ಕಮಾನನ್ನು 1993ರ ನವೆಂಬರ್ 9ರಂದು ಬೋಸ್ನಿಯಾದ ಕ್ರೊವಾಟ್ ಪಡೆ ಉರುಳಿಸಿತು. ಜಗತ್ತೇ ಕಣ್ಣೀರು ಹಾಕಿತು. ಹೇಗ್‌ನ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿ ಮೊದಲು ಇದನ್ನು ಅಪರಾಧ ಅಂತ ಹೇಳಿತ್ತು. ಆದರೆ 2017ರ ನವೆಂಬರ್‌ನಲ್ಲಿ ಮೇಲ್ಮನವಿ ಪೀಠ ಅದನ್ನು ತಳ್ಳಿಹಾಕಿತು. ಸೇತುವೆಯನ್ನು ಎದುರಾಳಿ ಸೈನಿಕರೂ ಬಳಸುತ್ತಿದ್ದರು, ಹಾಗಾಗಿ ಅದು ಸೇನಾ ಗುರಿಯಾಗಿತ್ತು ಅನ್ನೋದು ತರ್ಕ. ಅದೇ ಸೇತುವೆಯ ಮೇಲೆ ಸಾಮಾನ್ಯ ಜನರೂ ಓಡಾಡುತ್ತಿದ್ದರು ಅನ್ನೋದು ಯಾರಿಗೆ ಗೊತ್ತಿಲ್ಲ? ನ್ಯಾಯಮೂರ್ತಿಗಳಲ್ಲೇ ಭಿನ್ನಮತ ಇತ್ತು. ನನಗಂತೂ ಈ ತೀರ್ಪು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ, ಆದರೆ ನಿಮ್ಮ ಯೋಜನೆ ಈ ತೀರ್ಪನ್ನು ಇಟ್ಟುಕೊಂಡೇ ಮಾಡಬೇಕು.

ಇನ್ನೊಂದು ಕಡೆ ಇಟಲಿಯ ಮೊಂಟೆ ಕಸಿನೊ ಮಠ. 1944ರ ಫೆಬ್ರವರಿ 15ರಂದು ಮಿತ್ರಪಡೆಗಳು ಆ ಮಠದ ಮೇಲೆ ಬಾಂಬಿನ ಮಳೆ ಸುರಿಸಿದವು, ಒಳಗೆ ಜರ್ಮನ್ ಸೈನಿಕರಿದ್ದಾರೆ ಅನ್ನೋ ಗುಮಾನಿಯ ಮೇಲೆ. ಒಳಗಿದ್ದದ್ದು ಸನ್ಯಾಸಿಗಳು, ಆಶ್ರಯ ಪಡೆದ ಜನ. ಬಾಂಬು ಬಿದ್ದ ಮೇಲೆ ಜರ್ಮನ್ನರು ಆ ಅವಶೇಷದೊಳಗೆ ಹೋಗಿ ಕೂತರು, ಕುಸಿದ ಗೋಡೆಗಳು ಅವರಿಗೆ ಒಳ್ಳೇ ಮರೆಯಾದವು. ಗುಮಾನಿಯೇ ಸಾಕು ಅಂತ ಇದರ ಅರ್ಥ. ಅದಕ್ಕೇ ಸೈನ್ಯ ಒಳಗಿಲ್ಲದಿದ್ದರೆ ಮಾತ್ರ ಸಾಲದು, ಇಲ್ಲ ಅನ್ನೋದು ಹೊರಗಿನವರಿಗೆ ಕಾಣಬೇಕು.

ಮಾಡಬೇಕಾದ್ದು ಇಷ್ಟು. ಸ್ಥಳೀಯ ಸೇನಾಧಿಕಾರಿಯನ್ನು ಶಾಂತಿ ಇರುವಾಗಲೇ ಹೋಗಿ ನೋಡಿ. ಕೈಯಲ್ಲಿ ಒಂದು ನಕ್ಷೆ, ಒಂದು ಪುಟದ ಪತ್ರ ಇರಲಿ. ನಿಮ್ಮ ಆವರಣದಲ್ಲಿ ವಾಹನ ನಿಲ್ಲಿಸಬಾರದು, ಆಂಟೆನಾ ಹಾಕಬಾರದು, ಮದ್ದುಗುಂಡು ಇಡಬಾರದು ಅಂತ ಬರೆದು ತೆಗೆದುಕೊಳ್ಳಿ. ಭಾಷಣ ಬೇಡ. ನಾಲ್ಕು ನಿಮಿಷ ಸಾಕು, ಅವರಿಗೂ ಕೆಲಸ ಇರುತ್ತದೆ. ಆಮೇಲೆ ಯಾರಾದರೂ ಸೈನಿಕರು ಬಂದರೆ ದಿನಾಂಕ, ಸಮಯ ಹಾಕಿ ಡೈರಿಯಲ್ಲಿ ಬರೆದಿಡಿ, ಅವರು ನಿಮ್ಮವರೇ ಆಗಿದ್ದರೂ.

ಹೆಜ್ಜೆ 5: ಅಲುಗಾಡಿಸಲಾಗದ್ದನ್ನು ಮುಚ್ಚಿ

ಗೋಡೆ ಚಿತ್ರ, ನೆಲದ ಮೊಸಾಯಿಕ್ (ಬಣ್ಣದ ಕಲ್ಲಿನ ಚೂರು ಜೋಡಿಸಿ ಮಾಡಿದ ಚಿತ್ರ), ದೊಡ್ಡ ಮೂರ್ತಿ. ಇವನ್ನು ಎತ್ತಿಕೊಂಡು ಹೋಗೋಕೆ ಆಗಲ್ಲ. ಮರಳಿನ ಚೀಲ ಹಳೇ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ. 1943ರ ಆಗಸ್ಟ್‌ನಲ್ಲಿ ಮಿಲಾನ್‌ನ ಒಂದು ಮಠದ ಊಟದ ಕೋಣೆಯ ಮೇಲೆ ಬಾಂಬು ಬಿದ್ದು ಸೂರು, ಪಕ್ಕದ ಗೋಡೆ ಕುಸಿದವು. ಲಿಯೊನಾರ್ಡೊ ಬರೆದ ಕೊನೆಯ ಭೋಜನದ ಚಿತ್ರವಿದ್ದ ಗೋಡೆ ಮಾತ್ರ ಮರಳಿನ ಚೀಲಗಳ ಹಿಂದೆ ನಿಂತಿತ್ತು.

ಸಿರಿಯಾದ ಮಅರ್ರಾ ಮೊಸಾಯಿಕ್ ಮ್ಯೂಸಿಯಂನವರು ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲು ಮೊಸಾಯಿಕ್ ಮೇಲಿನ ಧೂಳು ತೆಗೆದರು. ನೀರಿನಲ್ಲಿ ಕರಗುವ ಅಂಟು ಹಚ್ಚಿದರು. ಅದರ ಮೇಲೆ ಬಟ್ಟೆ ಒತ್ತಿ ಕೂರಿಸಿದರು. ಕಲ್ಲಿನ ಚೂರುಗಳು ಅದುರಿ ಉದುರಿದರೂ ಬಟ್ಟೆಗೆ ಅಂಟಿಕೊಂಡು ತಮ್ಮ ಜಾಗದಲ್ಲೇ ಇರಲಿ ಅಂತ. ಎದುರಿಗೆ ಮರಳಿನ ಚೀಲಗಳ ಗೋಡೆ. 2015ರ ಜೂನ್‌ನಲ್ಲಿ ಬ್ಯಾರೆಲ್ ಬಾಂಬು (ಪೀಪಾಯಿಗೆ ಸ್ಫೋಟಕ ತುಂಬಿದ್ದು) ಬಿದ್ದು ಕಟ್ಟಡ ಜಖಂ ಆಯಿತು. ಮೊಸಾಯಿಕ್‌ಗಳು ಬಹುಪಾಲು ಉಳಿದವು. ಅಂಟು ನೀರಿನಲ್ಲಿ ಕರಗುವಂಥದ್ದೇ ಯಾಕೆ ಅಂದರೆ, ನಾಳೆ ಒದ್ದೆ ಮಾಡಿ ಬಟ್ಟೆಯನ್ನು ಮೆಲ್ಲಗೆ ಬಿಡಿಸಬಹುದು. ಸಿಕ್ಕಿದ ಫೆವಿಕಾಲ್ ಬಳಿದರೆ ಬಾಂಬು ಮಾಡದ ಹಾನಿಯನ್ನು ನೀವೇ ಮಾಡುತ್ತೀರಿ.

ಚೀಲಕ್ಕೆ ಮರಳು ಹೊರಗಿನಿಂದ ತನ್ನಿ. ಇದು ಸಣ್ಣ ವಿಷಯ ಅನಿಸಬಹುದು. 2003ರ ನಂತರ ಇರಾಕ್‌ನ ಬ್ಯಾಬಿಲೋನ್ ಅವಶೇಷಗಳ ಮೇಲೆ ಅಮೆರಿಕ, ಆಮೇಲೆ ಪೋಲೆಂಡ್ ಸೈನ್ಯ ಶಿಬಿರ ಹಾಕಿತ್ತು. ಅಲ್ಲೇ ಕಂದಕ ತೋಡಿದರು, ಅಲ್ಲಿನ ಮಣ್ಣನ್ನೇ ಚೀಲಕ್ಕೆ ತುಂಬಿದರು. ಆ ಮಣ್ಣಿನಲ್ಲಿ ಸಾವಿರಾರು ವರ್ಷ ಹಳೆಯ ಮಡಕೆ ಚೂರುಗಳಿದ್ದವು. ಹಾಗೆಯೇ ಚೀಲವನ್ನು ಚಿತ್ರಕ್ಕೆ ತಾಗಿಸಿ ಇಡಬೇಡಿ. ಮರಳು ತೇವ ಹಿಡಿದುಕೊಳ್ಳುತ್ತದೆ, ಬೂಷ್ಟು ಬರುತ್ತದೆ. ನಡುವೆ ಗಾಳಿ ಆಡೋಕೆ ಒಂದು ಗೇಣಾದರೂ ಜಾಗ ಬಿಡಿ, ತಿಂಗಳಿಗೊಮ್ಮೆ ಇಣುಕಿ ನೋಡಿ. ಇನ್ನು ಬೆಂಕಿ: ಅಟ್ಟದ ಮೇಲಿರುವ ಹಳೇ ಕುರ್ಚಿ, ಪರದೆ, ಪೇಂಟ್ ಡಬ್ಬ ಎಲ್ಲ ಇವತ್ತೇ ಹೊರಗೆ ಹಾಕಿ.

ಹೆಜ್ಜೆ 6: ಸಾಗಿಸೋದಾ, ಬಚ್ಚಿಡೋದಾ

ಬಚ್ಚಿಡೋದು ಬಡವರ ಉಪಾಯ, ಆದರೆ ಚೆನ್ನಾಗಿ ಕೆಲಸ ಮಾಡಿದೆ. ಅಫ್ಘಾನಿಸ್ತಾನದ ತಿಲ್ಯಾ ತೆಪೆಯಲ್ಲಿ ಸಿಕ್ಕ 20,000ಕ್ಕೂ ಹೆಚ್ಚು ಚಿನ್ನದ ತುಣುಕುಗಳನ್ನು 1980ರ ದಶಕದ ಕೊನೆಯಲ್ಲಿ ಕಾಬೂಲ್‌ನ ಕೇಂದ್ರ ಬ್ಯಾಂಕಿನ ನೆಲಮಾಳಿಗೆಗೆ ಸೇರಿಸಿದರು. ಕೆಲವೇ ಜನರಿಗೆ ಗೊತ್ತಿತ್ತು. ಸರ್ಕಾರಗಳು ಬಿದ್ದವು, ತಾಲಿಬಾನ್ ಬಂದು ಹೋಯಿತು, ಆ ಕೆಲವರು ತುಟಿ ಬಿಚ್ಚಲಿಲ್ಲ. 2004ರಲ್ಲಿ ಪೆಟ್ಟಿಗೆ ತೆರೆದರೆ ಚಿನ್ನ ಅಲ್ಲೇ ಇತ್ತು. ಬಾಗ್ದಾದ್‌ನಲ್ಲೂ ಮ್ಯೂಸಿಯಂ ನೌಕರರು ಸಾವಿರಾರು ವಸ್ತುಗಳನ್ನು ಗುಟ್ಟಾದ ಜಾಗಕ್ಕೆ ಸೇರಿಸಿದ್ದರು, ಅವು ಉಳಿದವು. ಒಳಗೇ ಬಿಟ್ಟದ್ದರಲ್ಲಿ ಸುಮಾರು 15,000 ವಸ್ತುಗಳು 2003ರ ಏಪ್ರಿಲ್‌ನ ಲೂಟಿಯಲ್ಲಿ ಹೋದವು. ಅಮೆರಿಕದ ಟ್ಯಾಂಕುಗಳು ಆ ಊರಿನಲ್ಲೇ ಇದ್ದವು ಅನ್ನೋದು ಬೇರೆ ಮಾತು.

ಗುಟ್ಟು ಎಷ್ಟು ಜನರಿಗೆ ಗೊತ್ತಿರಬೇಕು? ಒಬ್ಬರಿಗೇ ಗೊತ್ತಿದ್ದರೆ ಅವರಿಗೆ ಏನಾದರೂ ಆದರೆ ಮುಗಿಯಿತು. ಹತ್ತು ಜನರಿಗೆ ಗೊತ್ತಿದ್ದರೆ ಅದು ಗುಟ್ಟಲ್ಲ. ಮೂರ್ನಾಲ್ಕು ಜನ, ಬೇರೆ ಬೇರೆ ಕಡೆ ವಾಸ ಇರುವವರು. ಪೆಟ್ಟಿಗೆ ಕಟ್ಟುವಾಗ ಯಾರೂ ಸೆಲ್ಫಿ ತೆಗೆದು ಹಾಕಬಾರದು. ನಗಬೇಡಿ, ಇವತ್ತಿನ ದಿನ ದೊಡ್ಡ ಅಪಾಯ ಇದೇ.

ಆಫ್ರಿಕಾದ ಮಾಲಿ ದೇಶದ ಟಿಂಬಕ್ಟುವಿನ ಹಸ್ತಪ್ರತಿಗಳು ಉಳಿದದ್ದು ಮನೆಮನೆಯ ತಗಡಿನ ಪೆಟ್ಟಿಗೆಗಳಿಂದ. 2012ರಲ್ಲಿ ಜಿಹಾದಿಗಳು ಊರು ಹಿಡಿದ ಮೇಲೆ ಅಬ್ದುಲ್ ಖಾದಿರ್ ಹೈದರಾ ಮತ್ತು ಅವರ ಜೊತೆಗಾರರು ಪೆಟ್ಟಿಗೆಗಳನ್ನು ಕಾರು, ಕತ್ತೆ ಗಾಡಿ, ನೈಜರ್ ನದಿಯ ದೋಣಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರಾಜಧಾನಿ ಬಮಾಕೊಗೆ ಸಾಗಿಸಿದರು. ಅಲ್ಲಿ ಹೊಸ ತಲೆನೋವು: ಮರುಭೂಮಿಯ ಒಣ ಗಾಳಿಗೆ ಒಗ್ಗಿದ್ದ ಕಾಗದಕ್ಕೆ ಬಮಾಕೊದ ತೇವ ಆಗಿಬರಲ್ಲ. ಹಾಗಾಗಿ ಹೋಗೋ ಜಾಗದ ಹವೆ ಮೊದಲೇ ವಿಚಾರಿಸಿ.

ದೇಶದಿಂದ ಹೊರಗೆ ಕಳಿಸೋ ಮುಂಚೆ ಕಾಗದಪತ್ರ ಗಟ್ಟಿ ಮಾಡಿ. 2014ರಲ್ಲಿ ಕ್ರಿಮಿಯಾದ ನಾಲ್ಕು ಮ್ಯೂಸಿಯಂಗಳ ವಸ್ತುಗಳು ಪ್ರದರ್ಶನಕ್ಕೆ ಅಂತ ಆಮ್ಸ್‌ಟರ್‌ಡ್ಯಾಮ್‌ನಲ್ಲಿದ್ದವು. ಆ ಹೊತ್ತಿಗೇ ರಷ್ಯಾ ಕ್ರಿಮಿಯಾವನ್ನು ನುಂಗಿತು. ಕೇಳಿದ್ದು ಇಬ್ಬರು: ಕ್ರಿಮಿಯಾದ ಮ್ಯೂಸಿಯಂಗಳು, ಉಕ್ರೇನ್ ಸರ್ಕಾರ. 2023ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ ಉಕ್ರೇನ್‌ಗೇ ಕೊಡಿ ಅಂದಿತು, ಅದೇ ನವೆಂಬರ್‌ನಲ್ಲಿ ವಸ್ತುಗಳು ಕೀವ್ ತಲುಪಿದವು. ಹತ್ತಿರ ಹತ್ತಿರ ಹತ್ತು ವರ್ಷ. ವಾಪಸ್ ಯಾರಿಗೆ, ಯಾವಾಗ, ಮಧ್ಯೆ ಸರ್ಕಾರ ಬದಲಾದರೆ ಏನು, ಗಡಿ ಬದಲಾದರೆ ಏನು, ಎಲ್ಲ ಒಪ್ಪಂದದಲ್ಲಿ ಬರಲಿ. ಹಾಗಂತ ಕಳಿಸದೇ ಇರೋದೂ ಉತ್ತರ ಅಲ್ಲ. ಉಕ್ರೇನ್‌ನ ಖೆರ್ಸೊನ್ ಕಲಾ ಮ್ಯೂಸಿಯಂನ ಸಂಗ್ರಹ ಊರಿನಲ್ಲೇ ಉಳಿದಿತ್ತು, 2022ರಲ್ಲಿ ರಷ್ಯಾ ಪಡೆ ಹಿಂದೆ ಸರಿಯುವ ಮುಂಚೆ ಸಾವಿರಾರು ಕೃತಿಗಳನ್ನು ಲಾರಿಗೆ ತುಂಬಿ ಕ್ರಿಮಿಯಾಗೆ ಒಯ್ದಿತು. ರಕ್ಷಣೆಗಾಗಿ ಸ್ಥಳಾಂತರ ಅಂತ ಹೆಸರು ಬೇರೆ.

ಹೆಜ್ಜೆ 7: ಕ್ಯಾಮೆರಾ ಮುಂದೆ ಹೋಗೋ ಮುಂಚೆ ಯೋಚಿಸಿ

ನಿಮ್ಮ ಜಾಗಕ್ಕೆ ಹೆಸರು ಬಂದಷ್ಟೂ ಅದರ ಬೆಲೆ ಏರುತ್ತದೆ, ಒಡೆಯುವವನಿಗೂ, ಉಳಿಸಿದೆ ಅಂತ ಹೇಳಿಕೊಳ್ಳುವವನಿಗೂ. ಐಸಿಸ್ ಪಲ್ಮೈರಾದ ಗುಡಿಗಳನ್ನು ಸಿಡಿಸಿ ಚಿತ್ರಗಳನ್ನು ಜಗತ್ತಿಗೆ ಹಂಚಿತು. 2016ರಲ್ಲಿ ಊರು ಕೈಬದಲಾದ ಮೇಲೆ ರಷ್ಯಾ ಅದೇ ರೋಮನ್ ರಂಗಮಂದಿರದಲ್ಲಿ ವಾದ್ಯಗೋಷ್ಠಿ ನಡೆಸಿತು, ಅದನ್ನೂ ಜಗತ್ತಿಗೆ ತೋರಿಸಿತು. ಡಿಸೆಂಬರ್‌ನಲ್ಲಿ ಐಸಿಸ್ ವಾಪಸ್ ಬಂದು ಆ ರಂಗಮಂದಿರದ ಮುಂಭಾಗವನ್ನೂ ಒಡೆಯಿತು. ಹಾಗಾಗಿ ಯುದ್ಧದ ಮಧ್ಯೆ ಪತ್ರಕರ್ತರು ಬಂದರೆ ಹಾನಿಯ ಬಗ್ಗೆ ಹೇಳಿ, ಉಳಿದಿರೋದರ ಬಗ್ಗೆ ಬೇಡ.

ಹೆಜ್ಜೆ 8: ಗುಡಿಸಬೇಡಿ

ಗುಂಡಿನ ಸದ್ದು ನಿಂತ ಮರುದಿನ ಎಲ್ಲರೂ ಪೊರಕೆ ಹಿಡಿದು ಬರುತ್ತಾರೆ. ತಡೆಯಿರಿ. ಮೊದಲು ಸಿಡಿಯದ ಬಾಂಬು ಹುಡುಕುವವರು ಒಳಗೆ ಹೋಗಲಿ. ಆಮೇಲೆ ಏನನ್ನೂ ಮುಟ್ಟದೆ ಫೋಟೋ. ಆಮೇಲೆ ನೆಲವನ್ನು ದಾರ ಕಟ್ಟಿ ಚೌಕ ಮಾಡಿ, ಯಾವ ಚೌಕದಲ್ಲಿ ಸಿಕ್ಕ ಚೂರು ಯಾವುದು ಅಂತ ಚೀಟಿ ಹಚ್ಚಿ, ಬೇರೆ ಬೇರೆ ಕ್ರೇಟ್‌ಗೆ ಹಾಕಿ. ಬುಲ್ಡೋಜರ್ ಬಂದರೆ ಅಡ್ಡ ನಿಲ್ಲಿ.

ಈ ಫೋಟೋಗಳು ಸಾಕ್ಷಿಯೂ ಹೌದು. ಟಿಂಬಕ್ಟುವಿನ ಗೋರಿಗಳನ್ನು ಒಡೆಸಿದ ಅಹ್ಮದ್ ಅಲ್-ಮಹ್ದಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 9 ವರ್ಷ ಶಿಕ್ಷೆ ಕೊಟ್ಟಿತು. ಮರುವರ್ಷ 27 ಲಕ್ಷ ಯೂರೋ ಪರಿಹಾರವನ್ನೂ ಹೇಳಿತು. ಆ ನ್ಯಾಯಾಲಯದಲ್ಲಿ ಬರೀ ಪರಂಪರೆ ಒಡೆದದ್ದಕ್ಕೇ ನಡೆದ ಮೊದಲ ವಿಚಾರಣೆ ಅದು. ಗೋರಿಗಳನ್ನು ಮತ್ತೆ ಕಟ್ಟಿದ್ದು ಅಲ್ಲಿನ ಗಾರೆ ಕೆಲಸದವರೇ, ಅವರ ಅಜ್ಜಂದಿರು ಕಟ್ಟುತ್ತಿದ್ದ ಮಣ್ಣಿನಲ್ಲೇ.

ಮತ್ತೆ ಕಟ್ಟುವಾಗ ದುಡ್ಡು ಕೊಡುವವರು ನಕ್ಷೆಯನ್ನೂ ತರುತ್ತಾರೆ. ಮೋಸುಲ್‌ನ ಅಲ್-ನೂರಿ ಮಸೀದಿಗೆ ಯುಎಇ ಹಣ ಕೊಟ್ಟಿತು, ಯುನೆಸ್ಕೋ ಸ್ಪರ್ಧೆ ನಡೆಸಿತು, 2021ರಲ್ಲಿ ಗೆದ್ದದ್ದು ಈಜಿಪ್ಟಿನ ತಂಡ. ಇದು ನಮ್ಮ ಊರಿನ ಮಸೀದಿ ಥರ ಇಲ್ಲವಲ್ಲ ಅಂತ ಇರಾಕಿನವರೇ ಆಕ್ಷೇಪ ಎತ್ತಿದರು. ಸ್ಥಳೀಯರಿಗೆ ತೀರ್ಮಾನದಲ್ಲಿ ಕುರ್ಚಿ ಇರಬೇಕು ಅನ್ನೋದನ್ನು ಹಣದ ಮೊದಲ ಕಂತು ಬರೋ ಮುಂಚೆ ಬರೆಸಿಕೊಳ್ಳಿ.

ಬಚ್ಚಿಟ್ಟದ್ದನ್ನು ತೆಗೆಯೋಕೂ ಆತುರ ಬೇಡ. ಬೈರೂತ್‌ನ ರಾಷ್ಟ್ರೀಯ ಮ್ಯೂಸಿಯಂ ಲೆಬನಾನ್ ಅಂತರ್ಯುದ್ಧದ ಗಡಿಗೆರೆಯ ಮೇಲೇ ಇತ್ತು. ನಿರ್ದೇಶಕ ಮಾರಿಸ್ ಶಿಹಾಬ್ ದೊಡ್ಡ ಶಿಲ್ಪಗಳ ಸುತ್ತ ಕಾಂಕ್ರೀಟ್ ಸುರಿಸಿದರು, ಸಣ್ಣ ವಸ್ತುಗಳನ್ನು ನೆಲಮಾಳಿಗೆಯಲ್ಲಿ ಇಟ್ಟು ಗೋಡೆ ಕಟ್ಟಿಸಿದರು. ಬಂದೂಕುಧಾರಿಗಳು ಮೇಲೇ ಬೀಡುಬಿಟ್ಟಿದ್ದರೂ ಒಳಗಿನದು ಅವರ ಕೈಗೆ ಸಿಗಲಿಲ್ಲ. ಆದರೆ ಅಂತರ್ಜಲ ಸಿಕ್ಕಿತು. ನೆಲಮಾಳಿಗೆಯೊಳಗೆ ನೀರು ನುಗ್ಗಿ ವರ್ಷಗಟ್ಟಲೆ ನಿಂತು ಎಷ್ಟೋ ವಸ್ತುಗಳನ್ನು ತಿಂದುಹಾಕಿತು. ಯುದ್ಧ ಮುಗಿದದ್ದು 1990ರಲ್ಲಿ, ಆ ನೆಲಮಾಳಿಗೆ ಜನರಿಗೆ ತೆರೆದದ್ದು 2016ರಲ್ಲಿ. ಖರ್ಚಿನ ಅಂದಾಜು ಹಾಕುವಾಗ ಈ 26 ವರ್ಷವನ್ನೂ ಸೇರಿಸಿ. ಗೋಡೆ ಕಟ್ಟಿಸುವ ದಿನ ಕೆಳಗೆ ನೀರು ಹೊರಹೋಗೋಕೆ ಒಂದು ಪೈಪ್ ಇಡಿಸಿ.